ಬಿಟ್ಟುಹೋದವಳು ಯಾರು?

ನಮ್ಮ ಮನೆಯಲ್ಲಿ ಆಯಿಯ ಮಾತು ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು: “ಮಗನ್ನ ಬಿಟ್ಟು ಉಡಕಿ ಆಗಿ ಹೋದಾಕಿ.” ಆ ಮಗ ನನ್ನ ಅಪ್ಪ. ಅವರೂ ಈ ವಾಕ್ಯವನ್ನು ನಂಬಿಕೊಂಡೇ ತೀರಿಹೋದರು.

ಇಳಕಲ್ಲಿನ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಕಾಗದಗಳು ಸಿಕ್ಕವು. ಸ್ವಾತಂತ್ರ್ಯಕ್ಕೆ ಮುಂಚಿನವು: ಅಜ್ಜನ ಮೃತ್ಯುಪತ್ರದ ನಕಲು ಮತ್ತು ಕೋರ್ಟಿನ ಒಂದು ಹುಕುಮು. ಕಥೆ ಕಾದಂಬರಿ ಓದುವ ಹಾಗೆ ಇವನ್ನೂ ಓದಬಾರದೇಕೆ ಅನ್ನಿಸಿತು. ಇಲ್ಲಿ ಮಾತಾಡುವವರು ಯಾರು? ಸುಮ್ಮನಿರಿಸಲ್ಪಟ್ಟವರು ಯಾರು?

ಮೃತ್ಯುಪತ್ರದಲ್ಲಿ ಹೊಲ, ಬಾವಿ, ಎತ್ತು, ಮಗ್ಗ ಎಲ್ಲಕ್ಕೂ ಒಂದೊಂದು ಸಾಲಿದೆ. ಹೆಂಡತಿಯ ಹೆಸರು ಅನ್ನ ಅರಿವೆಯ ಮಾತಿನಲ್ಲಿ ಒಮ್ಮೆ ಬರುತ್ತದೆ. ವಯಸ್ಸಿಗೆ ಬಾರದ ಮಗನಿಗೆ ಪಾಲನಕರ್ತರು ಯಾರೆಂಬ ಸಾಲು ಮಾತ್ರ ಇಲ್ಲ.

ಆ ಇಲ್ಲದ ಸಾಲಿನ ಬೆಲೆಯನ್ನು ಬಾಗಲಕೋಟೆಯ ಹಿರಿಯ ವಕೀಲರೊಬ್ಬರು ತಿಳಿಸಿಕೊಟ್ಟರು. 1856ರ ವಿಧವಾ ವಿವಾಹ ಕಾಯ್ದೆ ಹೆಣ್ಣಿನ ಬಿಡುಗಡೆಯೆಂದು ಶಾಲೆಯಲ್ಲಿ ಓದಿದವರು ನಾವು. ಅದರ 2ನೆಯ ಕಲಮು ಮರುಮದುವೆಯಾದವಳಿಂದ ಗಂಡನ ಆಸ್ತಿಯ ಹಕ್ಕು ಕಳೆಯುತ್ತಿತ್ತು. ಗಂಡ ಮೃತ್ಯುಪತ್ರದಲ್ಲಿ ಪಾಲನಕರ್ತರನ್ನು ಹೆಸರಿಸದೆ ಹೋಗಿದ್ದರೆ, 3ನೆಯ ಕಲಮಿನ ಪ್ರಕಾರ ಅವನ ಕಡೆಯವರು ಮಕ್ಕಳಿಗೆ ಬೇರೆ ಪಾಲನಕರ್ತರನ್ನು ನೇಮಿಸಿರೆಂದು ಕೋರ್ಟಿಗೆ ಹೋಗಬಹುದಿತ್ತು. ಕುಂಕುಮ ಕೊಟ್ಟ ಕಾಯ್ದೆಯೇ ಕೂಸನ್ನು ಕಸಿಯಲೂ ದಾರಿ ತೆರೆದಿತ್ತು. ಅದು ರದ್ದಾದದ್ದು 1983ರಲ್ಲಿ.

ಹಾಗೆ ಹೋದವರು ಅಜ್ಜನ ತಮ್ಮ, ನಮ್ಮ ಸಣ್ಣಜ್ಜ. ಇಂಗ್ಲಿಷಿನ ಹುಕುಮನ್ನು ವಕೀಲರು ಓದಿ ಹೇಳಿದರು. ಸಣ್ಣಜ್ಜನ ಮಾತಿಗೆ ಒಂದೂವರೆ ಪುಟ. ಆಯಿಯ ತಕರಾರಿಗೆ ಎರಡೇ ಸಾಲು: ಹೊಲ ತನಗೆ ಬೇಡ, ಮಗು ತನ್ನ ಹತ್ತಿರವೇ ಇರಲಿ. ನಾನು ಮತ್ತೊಮ್ಮೆ ಓದಿಸಿದೆ. ಬಿಟ್ಟುಹೋದವಳು ಹೀಗೆ ಕೇಳುತ್ತಾಳೆಯೇ?

ಹುನಗುಂದದಲ್ಲಿ ತೆಗೆಸಿದ ಹಳೆಯ ಉತಾರದಲ್ಲಿ ಅಪ್ಪನ ಹೆಸರಿನ ಮುಂದೆ ಸಣ್ಣಜ್ಜನೇ ಪಾಲನಕರ್ತ. ಅಪ್ಪ ವಯಸ್ಸಿಗೆ ಬರುವ ಹೊತ್ತಿಗೆ ಎಂಟು ಎಕರೆಯಲ್ಲಿ ಮೂರು ಉಳಿದಿತ್ತು. ಸಣ್ಣಜ್ಜ ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ. ಅಪ್ಪನನ್ನು ಓದಿಸಿದವರು ಅವರೇ. ಅದೂ ಯಾವ ಕಾಗದದಲ್ಲೂ ಇಲ್ಲ.

1956ರ ಕಾಯ್ದೆ ಬಂದ ಮೇಲೆ, ತಾಯಿ ಬದುಕಿರುವಾಗ ತಂದೆಯ ಮೃತ್ಯುಪತ್ರ ಅವಳನ್ನು ದಾಟಿ ಬೇರೆಯವರನ್ನು ಪಾಲಕರಾಗಿಸುವಂತಿಲ್ಲ. ಆದರೆ ಅದರಲ್ಲೂ ಮೊದಲು ತಂದೆ, ಅವನ ನಂತರ ತಾಯಿ. ಲೇಖಕಿ ಗೀತಾ ಹರಿಹರನ್ ಈ ‘ನಂತರ’ವನ್ನು ಪ್ರಶ್ನಿಸಿದರು. ಅದು ತಂದೆ ಸತ್ತ ಮೇಲೆ ಎಂದಷ್ಟೇ ಅಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಅರ್ಥ ಹೇಳಿತು. ಒಂದು ಪದದ ಅರ್ಥಕ್ಕೆ ನಲವತ್ತಕ್ಕೂ ಹೆಚ್ಚು ವರ್ಷ!

ಆಯಿ ಉಡಕಿಯಾಗಿ ಹೋದದ್ದು ಬಾದಾಮಿಗೆ. ಅಲ್ಲಿ ಅವಳ ಇನ್ನೊಂದು ಸಂಸಾರದ ಮಗಳು, ನನಗೆ ಅತ್ತೆ, ಇನ್ನೂ ಇದ್ದಾರೆ. ಹುಕುಮಿನ ಎರಡು ಸಾಲು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಅಂದರು: “ಬನಶಂಕರಿ ಜಾತ್ರ್ಯಾಗ ಅವ್ವ ತೇರು ನೋಡತಿದ್ದಿಲ್ಲವಾ. ಇಳಕಲ್ಲ ಕಡೆ ಚಕ್ಕಡಿ ಬಂದಾವೇನಂತ ದಾರಿ ನೋಡತಿದ್ಲು.”

ಗೆಳತಿಯರೇ, ನಿಮ್ಮ ಅಟ್ಟದಲ್ಲೂ ಅಂಥ ಟ್ರಂಕಿದ್ದರೆ, ರದ್ದಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ.