‘ವಾಣಿಯ ಸಮಸ್ಯೆ’: ಮರ್ಯಾದಸ್ಥರ ಮನೆಯಲ್ಲಿ ಆಡದೆ ಉಳಿದ ಮಾತು

ಕೊಡಗಿನ ಗೌರಮ್ಮ (1912–1939) ತಮ್ಮ ಕತೆಗಳನ್ನು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಬರೆದರು. ವಿಧವೆಯರ ಹಾಗೂ ಸಮಾಜ ಹೊರಗಿಟ್ಟ ಹೆಂಗಸರ ಅಳಲನ್ನು ಬರೆಯಹೊರಟ ಲೇಖಕಿಯು ಗಂಡನ ಹೆಸರಿನ ಮರೆಯಲ್ಲಿ ನಿಂತದ್ದು ಆ ಕಾಲದ ಸಭ್ಯತೆಯ ಸ್ವರೂಪವನ್ನು ಸೂಚಿಸುತ್ತದೆ. ಇಪ್ಪತ್ತೇಳರ ವಯಸ್ಸಿನಲ್ಲಿ ನೀರುಪಾಲಾದ ಅವರಿಂದ ಕನ್ನಡಕ್ಕೆ ಉಳಿದವು ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳು. ಅಂದು ಬೇಂದ್ರೆಯವರು ತೋರಿದ ವಾತ್ಸಲ್ಯವು ಅವರಿಗೆ ಕೀರ್ತಿ ತಂದಿತಾದರೂ, ಅವರ ಅಕಾಲಮರಣದ ಕರುಣರಸದಲ್ಲಿಯೇ ಕತೆಗಳನ್ನು ಓದುವ ರೂಢಿಯನ್ನೂ ಬೆಳೆಸಿತೆನ್ನಬೇಕು.

‘ವಾಣಿಯ ಸಮಸ್ಯೆ’ ಈ ರೂಢಿಗೆ ಬಲಿಯಾದ ಕತೆ. ನೆರೆಮನೆಗೆ ಬಂದ ತರುಣ ವಿಧವೆ ಇಂದು, ಮನೆವಾರ್ತೆಯಲ್ಲಿ ಅಷ್ಟಾಗಿ ಮನಸ್ಸಿಲ್ಲದ ವಾಣಿಯ ಗೆಳತಿಯಾಗುತ್ತಾಳೆ. ವಾಣಿಯ ಸಂಸಾರಕ್ಕೆ ಒಪ್ಪ ಬರುತ್ತದೆ. ಒಂದು ದಿನ ಇಂದು ಊರು ಬಿಟ್ಟು ಹೊರಟುಹೋಗುತ್ತಾಳೆ. ಏಕೆಂಬುದು ವಾಣಿಗೆ ತಿಳಿಯುವುದೇ ಇಲ್ಲ. ಇದನ್ನು ‘ತ್ಯಾಗ’ವೆಂದು ಕರೆದು ಸುಮ್ಮನಾಗುವುದು ಸುಲಭ. ಆದರೆ ತ್ಯಾಗದ ಕತೆಯಾಗಿದ್ದಲ್ಲಿ ಶೀರ್ಷಿಕೆಯು ಇಂದುವಿನದಾಗಬೇಕಿತ್ತು. ಲೇಖಕಿ ಅದನ್ನು ಏನೂ ತಿಳಿಯದ ಗೃಹಿಣಿಗೆ ಕೊಟ್ಟಿದ್ದಾರೆ.

‘ಸಮಸ್ಯೆ’ ಎಂಬ ಪದಕ್ಕೆ ನಮ್ಮ ಭಾಷೆಗಳಲ್ಲಿ ಇನ್ನೊಂದು ಅರ್ಥವಿರುವುದನ್ನು, ಅವಧಾನಗಳ ಪರಿಚಯವುಳ್ಳ ಹೈದರಾಬಾದಿನ ಓದುಗರಿಗೆ ನೆನಪಿಸಬೇಕಾಗಿಲ್ಲ. ಪದ್ಯದ ಕೊನೆಯ ಸಾಲನ್ನು ಕೊಟ್ಟು ಮಿಕ್ಕ ಸಾಲುಗಳನ್ನು ಪೂರಣ ಮಾಡುವಂತೆ ಕೇಳುವುದು ಸಮಸ್ಯೆ. ವಾಣಿಗೆ ಸಿಕ್ಕಿರುವುದೂ ಕೊನೆಯ ಸಾಲು ಮಾತ್ರ: ಇಂದುವಿನ ನಿರ್ಗಮನ. ಹಿಂದಿನ ಸಾಲುಗಳನ್ನು ತುಂಬಬೇಕಾದರೆ ವಿಧವೆಗೂ ಆಸೆಯುಂಟೆಂದು ಆಕೆ ಊಹಿಸಬಲ್ಲವಳಾಗಬೇಕು. ಮರ್ಯಾದಸ್ಥ ಮನೆತನವು ಆಕೆಗೆ ಕಲಿಸದಿರುವುದು ಆ ಊಹೆಯನ್ನೇ. ಓದುಗರು ಊಹಿಸಬಲ್ಲರು, ವಾಣಿ ಊಹಿಸಲಾರಳು; ಈ ಅಂತರದಲ್ಲಿ ಕತೆಯ ವಿಮರ್ಶೆ ಅಡಗಿದೆ.

ಇದೇ ನಗರದ ದೇವಡಿಗಳ ಬದುಕನ್ನು ಉರ್ದುವಿನಲ್ಲಿ ಚಿತ್ರಿಸಿದ ವಾಜಿದಾ ತಬಸ್ಸುಮ್ (1935–2011) ಅವರ ‘ಉತರನ್’ ಇದಕ್ಕೆ ತೀರ ವಿರುದ್ಧವಾದುದು. ಒಡತಿಯ ಮಗಳು ಉಟ್ಟುಬಿಟ್ಟ ಬಟ್ಟೆಯನ್ನೇ ತೊಟ್ಟು ಬೆಳೆದ ಚಮ್ಕಿ, ಮದುವೆಯ ಹೊತ್ತಿಗೆ ವರನನ್ನೇ ‘ಉಟ್ಟುಬಿಟ್ಟದ್ದ’ನ್ನಾಗಿಸಿ ಸೇಡು ತೀರಿಸಿಕೊಳ್ಳುತ್ತಾಳೆ. ಕಳೆದುಕೊಳ್ಳಲು ಮರ್ಯಾದೆಯೆಂಬುದನ್ನೇ ಸಮಾಜವು ಕೊಡದ ಸೇವಕಿಗೆ ಈ ಸೇಡು ಸಾಧ್ಯವಾಯಿತು. ಇಂದು ಅದೇ ಮರ್ಯಾದೆಯ ಒಳಗಿನವಳು; ಆಕೆಗೆ ಹೊರಟುಹೋಗುವುದೊಂದೇ ದಾರಿ.

ಕತೆಯಲ್ಲಿ ಕೊರತೆಯಿಲ್ಲವೆಂದಲ್ಲ. ಗಂಡನ ಅನುಕೂಲ ನೋಡದ ಹೆಂಡತಿಯನ್ನು ಮೆಲ್ಲಗೆ ತಿದ್ದುವ ದನಿ ಇಲ್ಲಿಯೂ ಕೇಳಿಸುತ್ತದೆ. ವಾಣಿಯ ನಿರಾಸಕ್ತಿಗೂ ಕಾರಣವಿದ್ದೀತೆಂದು ಲೇಖಕಿ ಕೇಳಿಕೊಂಡಂತಿಲ್ಲ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ ಸಂಕಲನ (2023) ಬಂದ ಮೇಲೆ, ಹೊರನಾಡಿನ ಸಂಶೋಧಕರು ಈ ಎರಡನೆಯ ಮೌನವನ್ನೂ ಪರಿಶೀಲಿಸಬಹುದಾಗಿದೆ.