ದೂರದವರ ನೋವು

ಮಗಳು ತಂದಿಟ್ಟಿದ್ದ ‘ಪರ್ಸೆಪೊಲಿಸ್’ ಪುಸ್ತಕ ತೆರೆದಾಗ ಮೊದಲು ನಗು ಬಂತು. ಪುಟದ ತುಂಬ ಕಪ್ಪು ಬಿಳುಪು ಚಿತ್ರಗಳು. ಈ ವಯಸ್ಸಿನಲ್ಲಿ ಚಿತ್ರಕಥೆ ಓದುವುದೆ? ಆದರೆ ಓದಲು ಕೂತವಳು ಅಂದು ರಾತ್ರಿ ಅನ್ನಕ್ಕಿಡುವುದನ್ನೇ ಮರೆತೆ.

ಬರೆದು ಚಿತ್ರಿಸಿದವರು ಮರ್ಜಾನೆ ಸತ್ರಪಿ. ಇರಾನಿನಲ್ಲಿ ಬೆಳೆದು 1994ರಲ್ಲಿ ಫ್ರಾನ್ಸಿಗೆ ಹೋದವರು. ಫ್ರೆಂಚಿನಲ್ಲಿ ಮೊದಲ ಭಾಗ ಬಂದದ್ದು 2000ದಲ್ಲಿ. ನಾನು ಓದಿದ್ದು ಇಂಗ್ಲಿಷ್ ಅನುವಾದ. 1980ರಲ್ಲಿ ಶಾಲೆಯ ಹುಡುಗಿಯರಿಗೆ ಮುಸುಕು ಕಡ್ಡಾಯವಾಗುವಲ್ಲಿ ಕಥೆ ಶುರು. ದೊಡ್ಡವರು ಅದಕ್ಕಾಗಿ ಬೀದಿಯಲ್ಲಿ ಹೋರಾಡುತ್ತಿದ್ದರೆ ಮಕ್ಕಳು ಅದನ್ನೇ ಹಗ್ಗ ಮಾಡಿಕೊಂಡು ಜಿಗಿದಾಡುತ್ತಾರೆ. ಯಾವ ಭಾಷಣಕ್ಕೂ ಆಗದ್ದನ್ನು ಆ ಒಂದು ಚಿತ್ರ ಹೇಳುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಮೆಹ್ರಿ. ಆ ಮನೆಯ ಕೆಲಸದ ಹುಡುಗಿ. ಓದು ಬರಹ ಬಾರದ ಅವಳಿಗೆ ಪಕ್ಕದ ಮನೆಯ ಹುಡುಗನ ಮೇಲೆ ಮನಸ್ಸಾಗುತ್ತದೆ; ಪುಟ್ಟ ಮರ್ಜಿಯೇ ಅವಳ ಪರವಾಗಿ ಕಾಗದ ಬರೆದುಕೊಡುತ್ತಾಳೆ. ದೊರೆಯ ವಿರುದ್ಧ ಮೆರವಣಿಗೆಗೆ ಹೋಗುವ ಅಪ್ಪ, ಅವಳು ಕೆಲಸದವಳೆಂದು ಆ ಹುಡುಗನಿಗೆ ತಿಳಿಸಿ ಪ್ರೀತಿಯನ್ನು ಮುರಿಯುತ್ತಾನೆ. ಬೀದಿಯಲ್ಲಿ ಸಮಾನತೆ, ಮನೆಯೊಳಗೆ ಬೇರೆ ಪಂಕ್ತಿ! ಸ್ವಂತ ಅಪ್ಪನನ್ನೂ ಬಿಡದೆ ಬರೆದದ್ದು ಲೇಖಕಿಯ ದೊಡ್ಡತನ. ಆದರೆ ಮೆಹ್ರಿಗೆ ಏನನ್ನಿಸಿತು? ಅವಳ ಬಾಯಿಂದ ಕಥೆ ಕೇಳಿಸುವುದೇ ಇಲ್ಲ. ಇದು ಪುಸ್ತಕದ ಕೊರತೆ ಎಂದು ಬರೆಯಹೊರಟು ಕೈ ತಡೆಯಿತು.

2022ರ ಸೆಪ್ಟೆಂಬರಿನಲ್ಲಿ, ಉಡುಪಿನ ನೆಪಕ್ಕೆ ಪೊಲೀಸರು ಹಿಡಿದೊಯ್ದ ಮಹ್ಸಾ ಅಮೀನಿ ಟೆಹರಾನಿನಲ್ಲಿ ತೀರಿಕೊಂಡಳು. ಮುಂದಿನ ತಿಂಗಳು ದೇಶ ಬಿಟ್ಟ ಇರಾನಿಯರು ಬರ್ಲಿನ್ನಿನಲ್ಲಿ ಸಾವಿರಾರು ಮಂದಿ ಸೇರಿದ್ದನ್ನು ಟೀವಿಯಲ್ಲಿ ನೋಡಿ ಕಣ್ಣೊರೆಸಿಕೊಂಡವಳು ನಾನು. ಸತ್ರಪಿಯವರೂ 2023ರಲ್ಲಿ ಹಲವು ಕಲಾವಿದರನ್ನು ಸೇರಿಸಿಕೊಂಡು ಆ ಹೋರಾಟದ ಬಗ್ಗೆ ಪುಸ್ತಕ ತಂದರು. ಕಳೆದುಕೊಂಡ ಊರು ಅವರದು, ಆ ಸಂಕಟ ಅವರದು. ನನ್ನ ಕಣ್ಣೀರಿಗೆ ನಾನು ತೆತ್ತದ್ದೇನು?

ಅದೇ ನಾನು 2016ರ ಏಪ್ರಿಲ್ 18ರಂದು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೊರಟು ಹೊಸೂರು ರಸ್ತೆಯಲ್ಲಿ ಸಿಕ್ಕಿಬಿದ್ದಾಗ ‘ಇವರಿಗೆ ಬೇರೆ ಕೆಲಸವಿಲ್ಲವೆ?’ ಎಂದು ಗೊಣಗಿದ್ದೆ. ರಸ್ತೆ ತಡೆದವರು ಗಾರ್ಮೆಂಟ್ಸಿನ ಹೆಂಗಸರು. ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಕೈಗೆ ಸಿಗದೆಂಬ ಹೊಸ ನಿಯಮದ ವಿರುದ್ಧ ಎದ್ದು ಬಂದವರು. ಮರುದಿನ ಪೀಣ್ಯದ ಕಡೆಗೂ ಹಬ್ಬಿತು, ಲಾಠಿಯೂ ಬೀಸಿತು. ಅಂದೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಇಷ್ಟು ದೊಡ್ಡ ಗೆಲುವನ್ನು ನಾನು ಟ್ರಾಫಿಕ್ ಜಾಮ್ ಎಂದು ನೆನಪಿಟ್ಟುಕೊಂಡಿದ್ದೆ, ನೋಡಿ.

ಇರಾನಿನ ಹೆಂಗಸರಿಗಾಗಿ ಮರುಗಬಾರದೆಂದಲ್ಲ, ಮರುಗಲೇಬೇಕು. ದೂರದ ನೋವಿಗೆ ಕರಗುವ ಕರುಳಿಗೆ ಹಿತ್ತಿಲ ಬಾಗಿಲಲ್ಲಿ ನಿಂತವಳೂ ಕಾಣಬೇಡವೆ?

ನಮ್ಮಲ್ಲಿ ಕೆಲಸಕ್ಕೆ ಬರುವಾಕೆ ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು. ಮರುದಿನ ಕೇಳಿದೆ, ‘ಆವತ್ತು ನೀನೂ ರಸ್ತೆಗಿಳಿದಿದ್ಯಾ?’

‘ಹೂಂ ಅಕ್ಕ. ಮಗಳನ್ನ ಓದಿಸೋಕೆ ಇದ್ದಿದ್ದೇ ಆ ದುಡ್ಡು’ ಎಂದು ಪಾತ್ರೆ ಉಜ್ಜತೊಡಗಿದಳು.

ಐದು ವರ್ಷದಿಂದ ಬರುತ್ತಿದ್ದಾಳೆ. ನಾನು ಕೇಳಿಯೇ ಇರಲಿಲ್ಲ.