'ಊರುಕೇರಿ'ಯ ನಗು

ಕಷ್ಟದಿಂದ ಮೇಲೆ ಬಂದವರ ಆತ್ಮಕಥೆಗಳಿಗೆ ಒಂದು ಸಿದ್ಧ ಅಚ್ಚಿದೆ: ಹಸಿವು, ಅವಮಾನ, ಹಟ, ಓದು, ಕೊನೆಗೆ ಸನ್ಮಾನದ ಶಾಲು. ಸಿದ್ಧಲಿಂಗಯ್ಯನವರ ಬಾಳಿನಲ್ಲಿ ಆ ಅಚ್ಚಿಗೆ ಬೇಕಾದ ಸರಕೆಲ್ಲ ಇತ್ತು. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ದಲಿತ ಕೇರಿಯಲ್ಲಿ ಹುಟ್ಟಿದವರು ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು, ಹಾಸ್ಟೆಲಿನಲ್ಲಿದ್ದು ಓದಿ, ಕವಿಯಾಗಿ, ಪ್ರಾಧ್ಯಾಪಕರಾಗಿ, ವಿಧಾನ ಪರಿಷತ್ತಿನ ಸದಸ್ಯರೂ ಆದರು. ಆದರೂ ಅವರ ಆತ್ಮಕಥೆ 'ಊರುಕೇರಿ' ಆ ಅಚ್ಚಿಗೆ ಸಿಕ್ಕಿಬೀಳಲಿಲ್ಲ.

ಆರಂಭದ ಪುಟಗಳಲ್ಲೇ ಒಂದು ದೃಶ್ಯವಿದೆ. ಎತ್ತುಗಳಿರಬೇಕಾದ ಜಾಗದಲ್ಲಿ ನೊಗ ಹೊತ್ತ ಇಬ್ಬರು ಮನುಷ್ಯರು, ಹಿಂದೆ ಉಳುವವನೊಬ್ಬ. ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು, ನೋಡುತ್ತ ನಿಂತ ಹುಡುಗನ ಅಪ್ಪ. ಬೇರೆಯವರ ಕೈಯಲ್ಲಿ ಇದು ನಾಲ್ಕು ಪುಟದ ಗೋಳಾಗುತ್ತಿತ್ತು. ಇಲ್ಲಿ ಕೆಲವೇ ಸಾಲು. ಲೇಖಕರು ಮುಂದಿನ ಪ್ರಸಂಗಕ್ಕೆ ಹೊರಟುಬಿಡುತ್ತಾರೆ, ಓದುಗ ಮಾತ್ರ ಆ ಹೊಲದ ಬದುವಿನಲ್ಲೇ ಉಳಿಯುತ್ತಾನೆ. ಸ್ಮಶಾನದಲ್ಲಿ ಕೂತು ಓದುತ್ತಿದ್ದ ದಿನಗಳನ್ನೂ ಅವರು ಗೋಳಾಗಲು ಬಿಡುವುದಿಲ್ಲ, ನಗುತ್ತಲೇ ಹೇಳುತ್ತಾರೆ.

'ಹೊಲೆಮಾದಿಗರ ಹಾಡು' (1975) ಕವನ ಸಂಕಲನ ಬರೆದ ಕೈಯೇ ಈ ಗದ್ಯವನ್ನೂ ಬರೆದದ್ದು ಎಂದರೆ ಹೊಸ ಓದುಗರು ತಟ್ಟನೆ ನಂಬಲಿಕ್ಕಿಲ್ಲ. ಅಲ್ಲಿನ ಸಿಟ್ಟು ಇಲ್ಲಿ ಆರಿಹೋಯಿತೇ? ನನಗಂತೂ ಹಾಗನ್ನಿಸುವುದಿಲ್ಲ. ಅಯ್ಯೋ ಪಾಪ ಎನ್ನಲು ಬಂದವರನ್ನು ಈ ನಗು ಹೊಸ್ತಿಲಲ್ಲೇ ತಡೆಯುತ್ತದೆ. ಕೇರಿಯ ಜನ ಇಲ್ಲಿ ಬರೀ ನೊಂದವರಲ್ಲ. ತುಂಟರು, ಮಾತುಗಾರರು, ಕಿಲಾಡಿಗಳು. ಅರವಿಂದ ಮಾಲಗತ್ತಿಯವರ ಆತ್ಮಕಥೆ 'ಗೌರ್ಮೆಂಟ್ ಬ್ರಾಹ್ಮಣ'ದ ಉರಿಯ ಪಕ್ಕದಲ್ಲಿಟ್ಟು ಓದಿದರೆ ಈ ತಣ್ಣನೆಯ ದನಿಯ ಹರಿತ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ನನ್ನ ತಕರಾರು ಇರುವುದು ಮುಂದಿನ ಭಾಗಗಳ ಬಗ್ಗೆ. ಬದುಕು ಹದಕ್ಕೆ ಬಂದಂತೆ ಬರವಣಿಗೆ ಸಡಿಲವಾಗುತ್ತದೆ. ಸಭೆಗಳು, ದೊಡ್ಡವರ ಒಡನಾಟ, ಒಂದರ ಹಿಂದೊಂದು ರಸಪ್ರಸಂಗ. ನಗು ಇದೆ, ಅದರ ಅಡಿಯಲ್ಲಿದ್ದ ನೊಗ ಕಾಣುವುದಿಲ್ಲ. ಬೀದಿಯಲ್ಲಿ ಹಾಡಿದ ಕವಿ ಅಧಿಕಾರದ ಮೊಗಸಾಲೆಯಲ್ಲಿ ಕೂತಾಗ ಒಳಗೆ ನಡೆದ ಜಗಳವೇನು? ಈ ಪ್ರಶ್ನೆಯನ್ನು ಅವರಷ್ಟು ಚೆನ್ನಾಗಿ ಎದುರಿಸಬಲ್ಲವರು ಇನ್ನೊಬ್ಬರಿರಲಿಲ್ಲ. ಅದು ಹಾಸ್ಯದಲ್ಲಿ ಜಾರಿಹೋಯಿತು. 2021ರ ಜೂನ್‌ನಲ್ಲಿ ಕೋವಿಡ್ ಅವರನ್ನು ಕರೆದೊಯ್ದಿತು.

ಮೂರು ಭಾಗಗಳಲ್ಲಿ ಕನ್ನಡದಲ್ಲಿ ಬಹುಕಾಲ ನಿಲ್ಲುವುದು ಮೊದಲನೆಯದು. ಓದದವರು ಅಲ್ಲಿಂದ ಶುರುಮಾಡಲಿ.